ಬೀಡಿ, ಸಿಗರೇಟು ಮತ್ತು ಸೋರಿಯಾಸಿಸ್: ಶಿರಸಿ-ಕಾರವಾರದ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದವರೂ ಘಟ್ಟದ ಕೆಳಗಿನ ಕುಮಟಾ, ಅಂಕೋಲಾ, ಕಾರವಾರದವರೂ ಎದುರು ಕೂತು ಕೇಳಿದ, ಪತ್ರ ಬರೆದು ವಿಚಾರಿಸಿದ, ವಾಟ್ಸಾಪಿನಲ್ಲಿ ಕಳಿಸಿದ ಪ್ರಶ್ನೆಗಳು ಇವು. ಸೋರಿಯಾಸಿಸ್ ಬಗ್ಗೆ ಬಂದ ನೂರೆಂಟು ಪ್ರಶ್ನೆಗಳಲ್ಲಿ ಸೇದುವುದಕ್ಕೆ ಸಂಬಂಧಪಟ್ಟವನ್ನು ಮಾತ್ರ ಆರಿಸಿಕೊಂಡಿದ್ದೇನೆ. ಚರ್ಮರೋಗದ ವೈದ್ಯೆಯಾಗಿ ನನಗೆ ಕಾಣುವುದು ಇಷ್ಟು: ವಂಶ, ವಯಸ್ಸು, ಹವೆ ಯಾವುದೂ ರೋಗಿಯ ಕೈಯಲ್ಲಿಲ್ಲ. ಕೈಯಲ್ಲಿರುವ ಕೆಲವೇ ಸಂಗತಿಗಳಲ್ಲಿ ಸೇದುವುದು ದೊಡ್ಡದು. ಬದನೆಕಾಯಿ ತಿನ್ನಬಹುದಾ, ಮೀನು ಬಿಡಬೇಕಾ ಎಂದು ದಿನಗಟ್ಟಲೆ ಚರ್ಚೆ ನಡೆಯುವ ಮನೆಯಲ್ಲೂ ಜೇಬಿನಲ್ಲಿರುವ ಬೀಡಿ ಕಟ್ಟಿನ ಸುದ್ದಿ ಬರುವುದಿಲ್ಲ.

## ಮೊದಲು ತಿಳಿಯಬೇಕಾದದ್ದು

ಸೋರಿಯಾಸಿಸ್ ಅಂದ್ರೆ ಎಂತದು ಡಾಕ್ಟ್ರೇ? ಗಜಕರ್ಣವಾ, ಇಸುಬಾ?

ಎರಡೂ ಅಲ್ಲ. ಗಜಕರ್ಣ ಶಿಲೀಂಧ್ರದಿಂದ ಬರುವ ಸೋಂಕು. ಸೋರಿಯಾಸಿಸ್‌ನಲ್ಲಿ ಹೊರಗಿನ ರೋಗಾಣು ಇಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕಾರಣವಿಲ್ಲದೆ ಕೆರಳಿ ಚರ್ಮದಲ್ಲಿ ಉರಿಯೂತ ಹುಟ್ಟಿಸುತ್ತದೆ. ಸಾಮಾನ್ಯವಾಗಿ ಚರ್ಮದ ಕೋಶ ಒಳಪದರದಲ್ಲಿ ಹುಟ್ಟಿ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಬೇಕು. ಇಲ್ಲಿ ಅದು ಮೂರರಿಂದ ಐದು ದಿನದಲ್ಲಿ ಮುಗಿದುಹೋಗುತ್ತದೆ. ಬಲಿಯದ ಕೋಶಗಳು ಮೇಲೆ ಬಂದು ಪೇರಿಕೊಂಡು ಕೆಂಪು ದಡ್ಡು, ಅದರ ಮೇಲೆ ಬೆಳ್ಳಿ ಬಣ್ಣದ ಹೊಟ್ಟು ಕಾಣಿಸುತ್ತದೆ. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪಿಗಿಂತ ನೇರಳೆ ಅಥವಾ ಬೂದು ಛಾಯೆಯೇ ಹೆಚ್ಚಾಗಿ ಕಾಣುವುದುಂಟು. ಮೊಣಕೈ, ಮೊಣಕಾಲು, ತಲೆ, ಸೊಂಟದ ಹಿಂಭಾಗ ಇದರ ಮೆಚ್ಚಿನ ಜಾಗಗಳು. ಗಜಕರ್ಣದ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿಯೂ ಕಡಿಮೆಯಾಗಿಲ್ಲ ಎಂದು ಬರುವವರಲ್ಲಿ ಎಷ್ಟೋ ಜನರದ್ದು ಸೋರಿಯಾಸಿಸ್ ಆಗಿರುತ್ತದೆ.

ಇದು ಅಂಟ್ತದಾ? ಮೊಮ್ಮಗುವನ್ನ ಎತ್ಕೊಂಡ್ರೆ ಅಡ್ಡಿಲ್ವಾ?

ಅಡ್ಡಿಲ್ಲ. ಮುಟ್ಟಿದರೆ, ಒಂದೇ ಬಾಳೆಯಲ್ಲಿ ಉಂಡರೆ, ಒಂದೇ ಚಾದರ ಹೊದ್ದರೆ, ಒಂದೇ ಬಾವಿಕಟ್ಟೆಯಲ್ಲಿ ಮಿಂದರೆ ಇದು ಹರಡುವುದಿಲ್ಲ.

ಸೇದಿದ ಹೊಗೆ ಹೋಗೋದು ಎದೆಗೆ. ಚರ್ಮಕ್ಕೂ ಅದಕ್ಕೂ ಎಂತ ಸಂಬಂಧ?

ಹೊಗೆ ಎದೆಯಲ್ಲೇ ನಿಲ್ಲುವುದಿಲ್ಲ. ಅದರಲ್ಲಿರುವ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ರಕ್ತಕ್ಕೆ ಸೇರಿ ಮೈಯೆಲ್ಲಾ ಸುತ್ತುತ್ತದೆ. ಚರ್ಮದ ಮೇಲ್ಪದರದ ಕೋಶಗಳಲ್ಲೂ ರೋಗನಿರೋಧಕ ಕೋಶಗಳಲ್ಲೂ ನಿಕೋಟಿನ್ ಹಿಡಿದುಕೊಳ್ಳುವ ಗ್ರಾಹಕಗಳಿವೆ. ಅವು ಪ್ರಚೋದನೆಗೊಂಡರೆ ಕೋಶಗಳ ಬೆಳವಣಿಗೆಯ ಲಯ ತಪ್ಪುತ್ತದೆ. ಜೊತೆಗೆ ಹೊಗೆಯಲ್ಲಿರುವ ಫ್ರೀ ರ್‍ಯಾಡಿಕಲ್ ಎಂಬ ಅಸ್ಥಿರ ಕಣಗಳು ಅಂಗಾಂಶಕ್ಕೆ ಗಾಸಿ ಮಾಡುತ್ತವೆ, ಉರಿಯೂತದ ಸಂಕೇತಗಳನ್ನು ಹೆಚ್ಚಿಸುತ್ತವೆ. ಆ ಸಂಕೇತಗಳಲ್ಲಿ ಮುಖ್ಯವಾದವು ಟಿಎನ್‌ಎಫ್ ಆಲ್ಫಾ ಮತ್ತು ಐಎಲ್-17. ಇಂದಿನ ಅತಿ ದುಬಾರಿ ಸೋರಿಯಾಸಿಸ್ ಇಂಜೆಕ್ಷನ್‌ಗಳು ತಡೆಯಲು ಹೊರಡುವುದು ಇವುಗಳನ್ನೇ. ಒಂದು ಕಡೆ ಸಾವಿರಾರು ರೂಪಾಯಿ ಕೊಟ್ಟು ಅದನ್ನು ಇಳಿಸುವುದು, ಇನ್ನೊಂದು ಕಡೆ ದಿನಾ ಸೇದಿ ಅದನ್ನೇ ಏರಿಸುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಹೊಗೆ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ ಎಂಬುದೂ ಸೇರಿಕೊಳ್ಳುತ್ತದೆ. ಸೇದುವವರ ಅಂಗಾಲಿನ ಬಿರುಕು ಬೇಗ ಕೂಡುವುದಿಲ್ಲ.

ನಮ್ಮ ಅಜ್ಜ ಸಾಯೋ ತನಕ ಸೇದಿದ್ರು, ಮೈಮೇಲೆ ಒಂದು ಕಲೆ ಇರ್ಲಿಲ್ಲ. ನನಗೇ ಯಾಕೆ?

ತೋಟದವರಿಗೆ ಇದನ್ನು ಹೇಳುವುದು ಸುಲಭ. ಒಂದೇ ಮಳೆ ಸುರಿದರೂ ಒಂದು ಮರಕ್ಕೆ ಕೊಳೆರೋಗ ಬಂದು ಅಡಿಕೆಯೆಲ್ಲ ಉದುರುತ್ತದೆ, ಪಕ್ಕದ ಮರ ಹಾಗೇ ನಿಲ್ಲುತ್ತದೆ. ಸೋರಿಯಾಸಿಸ್ ಬರಲು ವಂಶವಾಹಿಯ ಒಲವು ಬೇಕು. ಎಚ್‌ಎಲ್‌ಎ-ಸಿ ಎಂಬ ವಂಶವಾಹಿಯ ಒಂದು ಬಗೆ ಇದರೊಂದಿಗೆ ಬಲವಾಗಿ ತಳುಕು ಹಾಕಿಕೊಂಡಿದೆ. ಒಲವು ಇದ್ದವರಲ್ಲೂ ಎಲ್ಲರಿಗೂ ರೋಗ ಬರುವುದಿಲ್ಲ. ಅದನ್ನು ಎಬ್ಬಿಸುವ ಸಂಗತಿಗಳು ಬೇರೆ ಇವೆ: ಗಂಟಲ ಸೋಂಕು, ಮನಸ್ಸಿನ ಒತ್ತಡ, ಚರ್ಮಕ್ಕೆ ಪೆಟ್ಟು, ಕೆಲವು ಔಷಧಿ, ಬೊಜ್ಜು, ಮದ್ಯ, ಧೂಮಪಾನ. ಅಜ್ಜನಲ್ಲಿ ಆ ಒಲವೇ ಇರಲಿಲ್ಲವೋ ಏನೋ. ನಿಮ್ಮಲ್ಲಿ ಇದೆ ಎಂಬುದು ಈಗ ಗೊತ್ತಾಗಿದೆ, ಆದ್ದರಿಂದ ಅಜ್ಜನ ಲೆಕ್ಕ ನಿಮಗೆ ಹೊಂದುವುದಿಲ್ಲ.

## ಎಷ್ಟು ಸೇದಿದರೆ ಎಷ್ಟು ತೀವ್ರ

ಚೀಟಿಯಲ್ಲಿ 'ತೀವ್ರ' ಅಂತ ಬರ್ದಿದ್ದಾರೆ. ಅದನ್ನ ಹೇಗೆ ಅಳೀತಾರೆ?

ಸರಳವಾದ ಅಳತೆ ನಿಮ್ಮದೇ ಅಂಗೈ. ಬೆರಳು ಸೇರಿಸಿ ಒಂದು ಅಂಗೈಯಷ್ಟು ಜಾಗವೆಂದರೆ ಮೈಯ ಚರ್ಮದ ಸುಮಾರು ಶೇ. 1. ಮೂರು ಅಂಗೈಗಿಂತ ಕಡಿಮೆ ಇದ್ದರೆ ಸೌಮ್ಯ, ಮೂರರಿಂದ ಹತ್ತಾದರೆ ಮಧ್ಯಮ, ಹತ್ತಕ್ಕಿಂತ ಹೆಚ್ಚಾದರೆ ತೀವ್ರ ಎಂದು ಸಾಮಾನ್ಯವಾಗಿ ಎಣಿಸುತ್ತೇವೆ. ಅಧ್ಯಯನಗಳಲ್ಲಿ 'ಪಾಸಿ' ಎಂಬ ಅಂಕ ಬಳಸುತ್ತಾರೆ. ದಡ್ಡಿನ ಕೆಂಪು, ದಪ್ಪ, ಹೊಟ್ಟು, ಹರಡಿದ ಜಾಗ ಇವನ್ನೆಲ್ಲ ಸೇರಿಸಿ 0ಯಿಂದ 72ರವರೆಗೆ ಕೊಡುವ ಅಂಕ ಅದು. ಅಂಕವೇ ಎಲ್ಲವೂ ಅಲ್ಲ. ಹಸಿ ಅಡಿಕೆ ಸುಲಿಯುವ ಹೆಂಗಸಿನ ಎರಡು ಅಂಗೈ ಒಡೆದಿದ್ದರೆ ಅಳತೆಯಲ್ಲಿ ಅದು ಬರೀ ಶೇ. 2. ಆದರೆ ಚೊಗರು ಬಿರುಕಿಗೆ ಇಳಿದು ಕತ್ತಿ ಹಿಡಿಯಲಾಗದೆ ಸುಗ್ಗಿಯ ಕೂಲಿಯೇ ತಪ್ಪಿಹೋದವಳಿಗೆ ಅದು ಸೌಮ್ಯ ಎಂದು ನಾನಂತೂ ಬರೆಯುವುದಿಲ್ಲ.

ದಿನಕ್ಕೆ ನಾಲ್ಕೈದು ಸೇದಿದ್ರೆ ಎಂತ ಆಗ್ತದೆ? ಪ್ಯಾಕ್‌ಗಟ್ಟಲೆ ಸೇದೋರಿಗೆ ಮಾತ್ರ ಅಲ್ವಾ ತೊಂದರೆ?

ಈ ಪ್ರಶ್ನೆಗೆ ನೇರ ಉತ್ತರ ಹುಡುಕಿದ ಅಧ್ಯಯನ ಇಟಲಿಯ ರೋಮ್‌ನಿಂದ 2005ರಲ್ಲಿ ಬಂತು. ಆಸ್ಪತ್ರೆಗೆ ದಾಖಲಾದ 818 ಸೋರಿಯಾಸಿಸ್ ರೋಗಿಗಳನ್ನು ಪರೀಕ್ಷಿಸಿ, ಅವರ ಕಾಯಿಲೆಯ ತೀವ್ರತೆಯನ್ನು ಸೇದುವ ಪ್ರಮಾಣದ ಜೊತೆ ಹೋಲಿಸಿದರು. ದಿನಕ್ಕೆ 20ಕ್ಕಿಂತ ಹೆಚ್ಚು ಸಿಗರೇಟು ಸೇದುವವರಲ್ಲಿ ಕಾಯಿಲೆ ತೀವ್ರವಾಗಿರುವ ಸಂಭವ, 10 ಅಥವಾ ಅದಕ್ಕಿಂತ ಕಡಿಮೆ ಸೇದುವವರಿಗೆ ಹೋಲಿಸಿದರೆ ಎರಡು ಪಟ್ಟಿಗೂ ಹೆಚ್ಚಿತ್ತು. ಎಷ್ಟು ವರ್ಷ, ದಿನಕ್ಕೆ ಎಷ್ಟು ಎಂಬ ಎರಡನ್ನೂ ಗುಣಿಸಿ ನೋಡಿದಾಗಲೂ ಮೊತ್ತ ಏರಿದಂತೆ ತೀವ್ರತೆ ಏರಿತು. ಮನಸ್ಸಿನ ಒತ್ತಡ, ತೂಕ, ಮದ್ಯ, ವಂಶದ ಇತಿಹಾಸ ಇವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಸಂಬಂಧ ಉಳಿಯಿತು.

ಪರದೇಶದ ಮಾತು ನಮಗೆ ಹೇಗೆ ಅನ್ವಯಿಸುತ್ತದೆ ಎಂದು ಕೇಳುವವರಿಗೆ: ನಮ್ಮ ಪಕ್ಕದ ಕೇರಳದಲ್ಲಿ ಗಂಡಸು ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಸೇದುವವರ ಪಾಸಿ ಅಂಕ ಸೇದದವರಿಗಿಂತ ಹೆಚ್ಚಿತ್ತು. ನಿಕೋಟಿನ್‌ಗೆ ಎಷ್ಟು ಅಂಟಿಕೊಂಡಿದ್ದರೋ ಕಾಯಿಲೆಯೂ ಅಷ್ಟು ತೀವ್ರವಾಗಿತ್ತು.

ನಾಲ್ಕೈದು ಸೇದುವವರ ಅಪಾಯ ಇಪ್ಪತ್ತು ಸೇದುವವರಷ್ಟಿಲ್ಲ, ನಿಜ. ಆದರೆ ಹಾನಿಯೇ ಇಲ್ಲದ ಪ್ರಮಾಣ ಎಂದು ಯಾವುದನ್ನೂ ತೋರಿಸಲಾಗದು. ಇನ್ನೊಂದು ಮಾತು: ನಾಲ್ಕೈದು ಎಂದು ಹೇಳುವವರ ಹತ್ತಿರ ಬೀಡಿ ಕಟ್ಟು ಎಷ್ಟು ದಿನಕ್ಕೊಮ್ಮೆ ಕೊಳ್ಳುತ್ತೀರಿ ಎಂದು ಕೇಳಿದರೆ ನಿಜವಾದ ಲೆಕ್ಕ ಅವರಿಗೇ ಹೊಳೆಯುತ್ತದೆ.

ಕಾಯಿಲೆಯ ಬೇಜಾರಿಗೇ ನಾನು ಸೇದೋಕೆ ಹಿಡಿದದ್ದು. ಹಾಗಿದ್ಮೇಲೆ ಸಿಗರೇಟಿನ ತಪ್ಪು ಎಲ್ಲಿ?

ತಜ್ಞರೂ ಬಹಳ ವರ್ಷ ಇದೇ ಸಂಶಯದಲ್ಲಿದ್ದರು. ಅಂಗಿಯ ತೋಳು ಮಡಚಲಾಗದ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರು ಸರಿದು ಕೂತದ್ದನ್ನು ಕಂಡ ಮನುಷ್ಯ ಬೀಡಿ ಹಚ್ಚುವುದು ನನಗೆ ಅರ್ಥವಾಗುತ್ತದೆ. ಯಾವುದು ಮೊದಲು ಎಂದು ತಿಳಿಯಲು ಆರೋಗ್ಯವಂತರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಬೇಕು. ಅಮೆರಿಕದಲ್ಲಿ ಹಾಗೆ ಮಾಡಿದರು. 78,532 ದಾದಿಯರನ್ನು 1991ರಿಂದ 2005ರವರೆಗೆ ಗಮನಿಸಿದಾಗ 887 ಜನರಿಗೆ ಹೊಸದಾಗಿ ಸೋರಿಯಾಸಿಸ್ ಬಂತು. ಎಂದೂ ಸೇದದವರಿಗೆ ಹೋಲಿಸಿದರೆ, ಸೇದುತ್ತಿದ್ದವರಲ್ಲಿ ಅದು ಬರುವ ಅಪಾಯ ಸುಮಾರು 1.8 ಪಟ್ಟು, ಹಿಂದೆ ಸೇದಿ ಬಿಟ್ಟವರಲ್ಲಿ ಸುಮಾರು 1.4 ಪಟ್ಟು. ಅಂದರೆ ಅಲ್ಲಿ ಹೊಗೆ ಮೊದಲು ಬಂತು, ಕಲೆ ಆಮೇಲೆ. ನಿಮ್ಮ ವಿಷಯದಲ್ಲಿ ಕಲೆ ಮೊದಲು ಬಂದಿರಬಹುದು. ಆದರೂ ಈಗ ಸೇದುತ್ತಿರುವ ಸಿಗರೇಟು ಇರುವ ಕಾಯಿಲೆಯನ್ನು ಹೆಚ್ಚಿಸುವ ಕೆಲಸ ನಿಲ್ಲಿಸುವುದಿಲ್ಲ. ತಪ್ಪು ಯಾರದ್ದು ಎಂಬ ವಿಚಾರಣೆ ಬೇಡ. ಬೇಜಾರಿಗೆ ಬೇರೆ ಮದ್ದು ಬೇಕು, ಅದನ್ನೂ ವೈದ್ಯರ ಹತ್ತಿರ ಬಾಯಿಬಿಟ್ಟು ಹೇಳಿ.

ಬೀಡಿ ಎಲೆಯದ್ದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಅಂತಾರಲ್ಲ?

ಎಲೆ ಹೊರಗಿನ ಸುತ್ತು ಮಾತ್ರ, ಒಳಗಿರುವುದು ತಂಬಾಕೇ. ತುಂಬಿದ ತಂಬಾಕು ಸಿಗರೇಟಿಗಿಂತ ಕಡಿಮೆ ಇದ್ದರೂ ಫಿಲ್ಟರ್ ಇಲ್ಲ. ಬೀಡಿ ಬೇಗ ಆರುತ್ತದೆ, ಆರದಂತೆ ನೋಡಿಕೊಳ್ಳಲು ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಹೀಗಾಗಿ ಟಾರ್, ಇಂಗಾಲದ ಮಾನಾಕ್ಸೈಡ್, ನಿಕೋಟಿನ್ ಯಾವುದೂ ಕಡಿಮೆ ಹೋಗುವುದಿಲ್ಲ. ಅಗ್ಗವೆಂದು ಸಿಗರೇಟಿನಿಂದ ಬೀಡಿಗೆ ಇಳಿದವರು ಚರ್ಮಕ್ಕೆ ಏನೂ ಉಳಿಸಿದಂತಾಗಲಿಲ್ಲ.

ನಾನು ಸೇದೋದಿಲ್ಲ, ಕವಳ ಒಂದೇ. ಅದಕ್ಕೆ ಸ್ವಲ್ಪ ತಂಬಾಕು ಹಾಕಿದ್ರೆ?

ಶಿರಸಿ-ಸಿದ್ದಾಪುರದ ಕಡೆಯಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ. ಊಟದ ನಂತರ ಕವಳದ, ಅಂದರೆ ಎಲೆ-ಅಡಿಕೆಯ, ತಟ್ಟೆ ಮುಂದಿಡುವುದು ಇಲ್ಲಿ ಆತಿಥ್ಯ, ಬೇಡ ಎನ್ನುವುದು ಸುಲಭವಲ್ಲ ಎಂದು ಬಲ್ಲೆ. ಸೋರಿಯಾಸಿಸ್ ತೀವ್ರತೆಯ ಬಗ್ಗೆ ಮೇಲೆ ಹೇಳಿದ ಪುರಾವೆಯೆಲ್ಲ ಸೇದುವ ತಂಬಾಕಿಗೆ ಸಂಬಂಧಿಸಿದ್ದು. ಅದನ್ನು ಹಾಗೆಯೇ ಎತ್ತಿ ಕವಳದ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ತಂಬಾಕು ಹಾಕಿದ ಕವಳದಿಂದಲೂ ನಿಕೋಟಿನ್ ಬಾಯಿಯ ಒಳಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ. ಬಾಯಿ ಕ್ಯಾನ್ಸರಿನ ವಿಷಯದಲ್ಲಂತೂ ಅನುಮಾನವೇ ಇಲ್ಲ: ತಂಬಾಕು ಸೇರಿದ ಕವಳ, ಸೇರದ ಕವಳ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. ಅಡಿಕೆ ಬೆಳೆದು ಬದುಕುವ ಸೀಮೆಯಲ್ಲಿ ಇದನ್ನು ಹೇಳುವುದು ಕಷ್ಟ, ಹೇಳದಿರುವುದು ಇನ್ನೂ ಕಷ್ಟ. ಬೀಡಿ ಬಿಡಲು ತಂಬಾಕಿನ ಕವಳ ಹಿಡಿಯುವವರನ್ನು ಕಂಡಿದ್ದೇನೆ. ಅದು ಬಿಟ್ಟಂತಲ್ಲ.

ಸೇದೋದು ನಮ್ಮನೆಯವರು, ಕಾಯಿಲೆ ನನಗೆ. ಅವರ ಹೊಗೆಯಿಂದ ನನಗೆ ಹೆಚ್ಚಾಗ್ತದಾ?

ಬೇರೆಯವರ ಹೊಗೆ ಉಸಿರಾಡಿದರೂ ಅವೇ ವಿಷಗಳು ಒಳಗೆ ಹೋಗುತ್ತವೆ, ಪ್ರಮಾಣ ಕಡಿಮೆ ಅಷ್ಟೆ. ಮೇಲೆ ಹೇಳಿದ ದಾದಿಯರ ಅಧ್ಯಯನದಲ್ಲಿ, ತಾಯಿಯ ಹೊಟ್ಟೆಯಲ್ಲಿದ್ದಾಗ ಮತ್ತು ಬಾಲ್ಯದಲ್ಲಿ ಮನೆಯವರ ಹೊಗೆ ಕುಡಿದವರಿಗೆ ಮುಂದೆ ಸೋರಿಯಾಸಿಸ್ ಬರುವ ಅಪಾಯ ಹೆಚ್ಚಿತ್ತು. ಹಾಗಾಗಿ ಚಿಂತೆ ನಿಮ್ಮೊಬ್ಬರದ್ದಲ್ಲ. ನಿಮಗೆ ಕಾಯಿಲೆ ಇದೆ ಎಂದಮೇಲೆ ಮಕ್ಕಳಿಗೆ ಅದರ ಒಲವು ಬಂದಿರಬಹುದು, ಆ ಮಕ್ಕಳು ಕೂತು ಓದುವ ಜಗಲಿಯಲ್ಲೇ ಹೊಗೆ ತುಂಬುತ್ತಿದೆ. ಯಜಮಾನರಿಗೆ ಈ ಮಾತನ್ನು ನೀವು ಹೇಳಿದರೆ ಜಗಳ ಎನಿಸಬಹುದು, ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ, ವೈದ್ಯರೇ ಹೇಳಲಿ.

ಹೆಂಗಸರು ಸೇದಿದ್ರೆ ಪರಿಣಾಮ ಬೇರೆಯಾ?

ರೋಮ್‌ನ ಅಧ್ಯಯನದಲ್ಲಿ ಸೇದುವುದಕ್ಕೂ ತೀವ್ರತೆಗೂ ಇರುವ ಸಂಬಂಧ ಗಂಡಸರಿಗಿಂತ ಹೆಂಗಸರಲ್ಲಿ ಗಟ್ಟಿಯಾಗಿ ಕಂಡಿತು. ನಮ್ಮಲ್ಲಿ ಸೇದುವ ಹೆಂಗಸರು ವೈದ್ಯರ ಮುಂದೆ ಅದನ್ನು ಹೇಳುವುದು ತೀರಾ ಅಪರೂಪ. ಒಬ್ಬರೇ ಒಳಗೆ ಬಂದು ಹೇಳಿ, ಗುಟ್ಟು ಅಲ್ಲೇ ಉಳಿಯುತ್ತದೆ.

## ಅಂಗೈ, ಅಂಗಾಲು, ಗಂಟು, ಹೃದಯ

ಅಂಗೈ-ಅಂಗಾಲಲ್ಲಿ ಕೀವಿನ ಗುಳ್ಳೆ ಎದ್ದು ಒಣಗ್ತದೆ, ಮತ್ತೆ ಏಳ್ತದೆ. ಇದೂ ಸೋರಿಯಾಸಿಸ್ಸಾ?

ಇದು ಅದರ ಹತ್ತಿರದ ನೆಂಟ. ಪಾಲ್ಮೊಪ್ಲಾಂಟರ್ ಪಸ್ಟುಲೋಸಿಸ್ ಎನ್ನುತ್ತಾರೆ. ಧೂಮಪಾನದೊಂದಿಗೆ ಇಷ್ಟು ಗಟ್ಟಿಯಾಗಿ ಹೆಣೆದುಕೊಂಡ ಚರ್ಮರೋಗ ಇನ್ನೊಂದಿಲ್ಲ ಎಂದರೂ ಸರಿ. ಕೆಲವು ವರದಿಗಳಲ್ಲಿ ಈ ರೋಗಿಗಳ ಪೈಕಿ ಶೇ. 90ರಷ್ಟು ಜನ ಸೇದುವವರು ಅಥವಾ ಮೊದಲು ಸೇದಿದವರು. ಅಂಗೈ-ಅಂಗಾಲಿನಲ್ಲಿ ಬೆವರುಗ್ರಂಥಿಗಳು ದಟ್ಟವಾಗಿವೆ. ಆ ಬೆವರು ನಾಳಗಳಲ್ಲಿ ನಿಕೋಟಿನ್ ಗ್ರಾಹಕಗಳಿದ್ದು ಉರಿಯೂತ ಅಲ್ಲಿಂದಲೇ ಎದ್ದು ಬರುತ್ತದೆ ಎಂಬುದು ಮುಖ್ಯ ವಿವರಣೆ. ಗುಳ್ಳೆಯಲ್ಲಿರುವ ಕೀವಿನಲ್ಲಿ ರೋಗಾಣು ಇರುವುದಿಲ್ಲ, ಆದ್ದರಿಂದ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಆಂಟಿಬಯೋಟಿಕ್ ನುಂಗಿದರೆ ಪ್ರಯೋಜನವಿಲ್ಲ.

ಬಂದರಿನಲ್ಲಿ ಕೆಲಸ ಮಾಡುವ ಕೈಗಳನ್ನು ಹತ್ತಿರದಿಂದ ನೋಡಬೇಕು. ಬಲೆಯ ಹಗ್ಗ ಉಜ್ಜಿದ ಗೆರೆಯ ಉದ್ದಕ್ಕೂ ಹಳದಿ ಚುಕ್ಕಿ, ಒಣಗಿ ಕಂದಾದ ಚುಕ್ಕಿ, ಸಿಪ್ಪೆ ಎದ್ದ ತಾವು. ಉಪ್ಪುನೀರು, ಮಂಜುಗಡ್ಡೆ ತಗುಲಿದಾಗ ಉರಿ. ಆ ಉರಿ ಮರೆಯಲು ಮತ್ತೊಂದು ಸಿಗರೇಟು. ಬೇರೆ ಬಗೆಯ ಸೋರಿಯಾಸಿಸ್‌ನವರಿಗೆ ಸೇದುವುದು ಬಿಡಿ ಎಂದು ಒಮ್ಮೆ ಹೇಳಿದರೆ, ಈ ಗುಳ್ಳೆಯವರಿಗೆ ಹತ್ತು ಸಲ ಹೇಳುತ್ತೇನೆ. ಬಿಟ್ಟವರಲ್ಲಿ ಗುಳ್ಳೆ ಕಡಿಮೆಯಾದದ್ದನ್ನು ಅಧ್ಯಯನಗಳೂ ದಾಖಲಿಸಿವೆ.

ಬೆರಳಿನ ಗಂಟು ಬಾತಿದೆ, ಬೆಳಿಗ್ಗೆ ಮಡಚಲಿಕ್ಕೆ ಆಗೋದಿಲ್ಲ. ಇದಕ್ಕೂ ಅದಕ್ಕೂ ಸಂಬಂಧವಾ?

ಇರಬಹುದು. ಸೋರಿಯಾಸಿಸ್ ಇರುವವರಲ್ಲಿ ಶೇ. 30ರವರೆಗೆ ಜನರಿಗೆ ಒಂದಲ್ಲ ಒಂದು ಹಂತದಲ್ಲಿ ಸಂಧಿವಾತ ಬರುತ್ತದೆ. ಉಗುರಿನಲ್ಲಿ ಸೂಜಿಯಿಂದ ಚುಚ್ಚಿದಂಥ ಸಣ್ಣ ಕುಳಿಗಳಿದ್ದರೆ ಅನುಮಾನ ಹೆಚ್ಚು. ತಡಮಾಡಿದರೆ ಗಂಟು ಶಾಶ್ವತವಾಗಿ ಸೊಟ್ಟಗಾಗಬಹುದು, ಆದ್ದರಿಂದ ಬೇಗ ತೋರಿಸಿ.

ಕಲೆ ಇರೋದು ಮೊಣಕೈ ಮೇಲೆ. ಡಾಕ್ಟ್ರು ಬಿಪಿ, ಕೊಲೆಸ್ಟರಾಲ್ ಎಲ್ಲ ಯಾಕೆ ನೋಡ್ತಾರೆ?

ಸೋರಿಯಾಸಿಸ್‌ನ ಉರಿಯೂತ ಚರ್ಮದಲ್ಲಷ್ಟೇ ಇರುವುದಿಲ್ಲ, ರಕ್ತನಾಳಗಳ ಒಳಗೋಡೆಗೂ ತಟ್ಟುತ್ತದೆ. ತೀವ್ರ ಸೋರಿಯಾಸಿಸ್ ಇರುವವರಿಗೆ ಹೃದಯಾಘಾತದ ಅಪಾಯ ಉಳಿದವರಿಗಿಂತ ಹೆಚ್ಚು. ಧೂಮಪಾನವೂ ಅದೇ ರಕ್ತನಾಳಗಳನ್ನು ಕೆಡಿಸುತ್ತದೆ. ಎರಡೂ ಒಬ್ಬರಲ್ಲೇ ಸೇರಿದರೆ ನನಗೆ ಕಲೆಗಿಂತ ಹೃದಯದ್ದೇ ಹೆದರಿಕೆ. ನಲವತ್ತು ದಾಟಿದ, ಸೇದುವ, ಮೈತುಂಬ ದಡ್ಡಿರುವ ಗಂಡಸು ಮುಲಾಮು ಮಾತ್ರ ಬರೆಸಿಕೊಂಡು ಹೋದರೆ ಅರ್ಧ ಚಿಕಿತ್ಸೆ ಆದಂತೆ.

## ಬಿಡುವ ಬಗ್ಗೆ

ಬಿಟ್ರೆ ಸೋರಿಯಾಸಿಸ್ ಹೋಗ್ತದಾ? ಇದ್ದದ್ದು ಇದ್ದ ಹಾಗೆ ಹೇಳಿ.

ಪೂರ್ತಿ ಹೋಗುವುದಿಲ್ಲ. ಇದು ಏರುತ್ತ ಇಳಿಯುತ್ತ ಇರುವ ದೀರ್ಘಕಾಲದ ಕಾಯಿಲೆ, ಸಿಗರೇಟು ಬಿಟ್ಟ ಮಾತ್ರಕ್ಕೆ ಬೇರುಸಹಿತ ಕಿತ್ತುಹೋಗದು. ಹಾಗೆ ಭರವಸೆ ಕೊಟ್ಟು ಬಿಡಿಸಿದರೆ, ಎರಡು ತಿಂಗಳಾದರೂ ಕಲೆ ಹೋಗಲಿಲ್ಲ ಎಂದು ರೋಗಿ ಮತ್ತೆ ಹಚ್ಚುತ್ತಾನೆ, ವೈದ್ಯರ ಮೇಲಿನ ನಂಬಿಕೆಯೂ ಹೋಗುತ್ತದೆ.

ಬಿಟ್ಟರೆ ಆಗುವುದು ಏನೆಂದರೆ ಕಾಯಿಲೆಯನ್ನು ದಿನಾ ಕೆರಳಿಸುತ್ತಿದ್ದ ಒಂದು ಕಾರಣ ತಪ್ಪುತ್ತದೆ. ಔಷಧಿ ಹಿಡಿಯುವ ಸಂಭವ ಹೆಚ್ಚುತ್ತದೆ. ಹೃದಯ, ಶ್ವಾಸಕೋಶಕ್ಕೆ ಆಗುವ ಲಾಭ ಬೇರೆ. ಇದಕ್ಕೆ ಸಮಯ ಹಿಡಿಯುತ್ತದೆ. ದಾದಿಯರ ಅಧ್ಯಯನದಲ್ಲಿ ಬಿಟ್ಟವರಿಗೆ ಸೋರಿಯಾಸಿಸ್ ಬರುವ ಅಪಾಯ ನಿಧಾನಕ್ಕೆ ಇಳಿದು, ಸುಮಾರು 20 ವರ್ಷಕ್ಕೆ ಎಂದೂ ಸೇದದವರ ಮಟ್ಟಕ್ಕೆ ಬಂತು. ಇಪ್ಪತ್ತೈದರ ಹುಡುಗ ಇವತ್ತು ಬಿಟ್ಟರೆ ನಲವತ್ತೈದಕ್ಕೆ ಆ ಲಾಭ ಕೈಗೆ ಬರುತ್ತದೆ, ನಲವತ್ತರಲ್ಲಿ ಬಿಟ್ಟರೆ ಅರವತ್ತಕ್ಕೆ. ಅದಕ್ಕೇ ಕಾಲೇಜು ಹುಡುಗರ ಹತ್ತಿರ ನಾನು ಹೆಚ್ಚು ಹೊತ್ತು ಮಾತಾಡುತ್ತೇನೆ.

ಬಿಟ್ಟ ವಾರವೇ ರಾಶಿ ತುರಿಕೆ, ಕಲೆಯೂ ಹೆಚ್ಚಾದ ಹಾಗಿದೆ. ಸೇದಿದ್ದೇ ಒಳ್ಳೇದಿತ್ತಾ?

ಇಲ್ಲ. ನಿಕೋಟಿನ್ ತಪ್ಪಿದಾಗ ಮೊದಲ ಎರಡು-ಮೂರು ದಿನ ಸಿಡುಕು, ನಿದ್ರೆಗೇಡು, ಚಡಪಡಿಕೆ ಅತಿ ಹೆಚ್ಚು. ಎರಡರಿಂದ ನಾಲ್ಕು ವಾರದಲ್ಲಿ ಅದು ಇಳಿಯುತ್ತದೆ. ಆ ಒತ್ತಡವೇ ಸೋರಿಯಾಸಿಸ್ ಅನ್ನು ಸ್ವಲ್ಪ ಕೆದಕಬಹುದು. ಜೊತೆಗೆ, ಬೀಡಿ ಹಿಡಿಯುತ್ತಿದ್ದ ಬೆರಳುಗಳಿಗೆ ಈಗ ಕೆಲಸವಿಲ್ಲ, ಅವು ಕಲೆಯನ್ನು ಕೆರೆಯತೊಡಗುತ್ತವೆ. ಕೆರೆದ ಕಡೆ ಹೊಸ ದಡ್ಡು ಏಳುವುದು ಈ ರೋಗದ ಗುಣ. ಆ ನಾಲ್ಕು ವಾರ ಮುಲಾಮು, ಎಣ್ಣೆ ಒಂದು ಹೊತ್ತೂ ತಪ್ಪಿಸಬೇಡಿ, ಉಗುರು ಗಿಡ್ಡ ಇರಲಿ. ಬಿಡುವ ದಿನ ಯಾವುದೆಂದು ಮೊದಲೇ ತಿಳಿಸಿದರೆ ವೈದ್ಯರು ಚಿಕಿತ್ಸೆಯನ್ನು ಆ ಅವಧಿಗೆ ತಕ್ಕಂತೆ ಬಿಗಿ ಮಾಡಬಲ್ಲರು.

ತೂಕದ ಕಡೆಗೂ ಕಣ್ಣಿಡಿ. ಬಿಟ್ಟವರಿಗೆ ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ಏರುತ್ತದೆ, ಬೊಜ್ಜು ಸೋರಿಯಾಸಿಸ್‌ಗೆ ಒಳ್ಳೆಯದಲ್ಲ. ಬಾಯಿ ಬಯಸಿದಾಗಲೆಲ್ಲ ಚಕ್ಕುಲಿ ಡಬ್ಬಿಗೆ ಕೈಹಾಕುವ ಬದಲು ಒಂದು ಲೋಟ ಮಜ್ಜಿಗೆ ಸಾಕು.

ನಿಕೋಟಿನ್ ಗಮ್, ಪ್ಯಾಚ್, ಮಾತ್ರೆ ಎಲ್ಲ ಇದ್ಯಂತೆ. ಸೋರಿಯಾಸಿಸ್ ಇದ್ದೋರು ತಗೋಬಹುದಾ?

ಬಹುತೇಕರು ತೆಗೆದುಕೊಳ್ಳಬಹುದು. ಗಮ್‌ನಲ್ಲೂ ನಿಕೋಟಿನ್ ಇದೆಯಲ್ಲ ಎಂದು ಕೇಳುತ್ತೀರಿ. ಇದೆ, ಆದರೆ ಹೊಗೆಯ ಸಾವಿರಾರು ರಾಸಾಯನಿಕಗಳಿಲ್ಲ, ಪ್ರಮಾಣ ಕಡಿಮೆ, ಅದೂ ಕೆಲವು ತಿಂಗಳ ಮಟ್ಟಿಗೆ. ಗಮ್ ಅನ್ನು ಕವಳದ ಹಾಗೆ ಒಂದೇ ಸಮನೆ ಅಗಿಯಬಾರದು. ಖಾರ ತಗುಲುವವರೆಗೆ ನಿಧಾನ ಅಗಿದು ಕೆನ್ನೆಯ ಒಳಗೆ ಒತ್ತಿಡಬೇಕು, ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು. ಅದಕ್ಕೆ ಮುಂಚಿನ ಹದಿನೈದು ನಿಮಿಷ ಚಹಾ-ಕಾಫಿ ಬೇಡ. ಪ್ಯಾಚ್ ಅನ್ನು ಕಲೆ ಇಲ್ಲದ ಜಾಗಕ್ಕೆ ಹಚ್ಚಿ, ದಿನಾ ಜಾಗ ಬದಲಿಸಿ, ಕೀಳುವಾಗ ಎಳೆಯಬೇಡಿ. ಅಂಟು ಕಿತ್ತ ಕಡೆ ಹೊಸ ದಡ್ಡು ಏಳಬಹುದು. ಮಾತ್ರೆಗಳಲ್ಲಿ ಬುಪ್ರೊಪಿಯಾನ್ ಎಂಬುದರಿಂದ ಸೋರಿಯಾಸಿಸ್ ಉಲ್ಬಣಿಸಿದ ವಿರಳ ಪ್ರಕರಣಗಳು ವರದಿಯಾಗಿವೆ, ಬರೆದುಕೊಡುವ ವೈದ್ಯರಿಗೆ ನಿಮ್ಮ ಕಾಯಿಲೆ ಗೊತ್ತಿರಲಿ. ಇ-ಸಿಗರೇಟನ್ನು ಕೇಳಲೇಬೇಡಿ, 2019ರಿಂದ ನಮ್ಮ ದೇಶದಲ್ಲಿ ಅದರ ಮಾರಾಟವೇ ನಿಷಿದ್ಧ.

ಬಿಡಲಿಕ್ಕೆ ಸಹಾಯ ಎಲ್ಲಿ ಸಿಗ್ತದೆ? ಬೆಂಗಳೂರಿಗೇ ಹೋಗ್ಬೇಕಾ?

ಹೋಗಬೇಕಿಲ್ಲ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356, ಕರೆ ಉಚಿತ. ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದವರು ನೋಡಿಕೊಳ್ಳುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆ 2018ರಿಂದ ಸಿಗರೇಟು ಪ್ಯಾಕಿನ ಎಚ್ಚರಿಕೆ ಚಿತ್ರದ ಜೊತೆಗೇ ಅಚ್ಚಾಗಿ ಬರುತ್ತಿದೆ.

ದೋಣಿ ಮೇಲೆ ಎಲ್ಲಾರೂ ಸೇದ್ತಾರೆ. ನಾನೊಬ್ಬ ಬಿಡೋದು ಹೇಗೆ?

ಬೈತಖೋಲ, ತದಡಿಯ ಕಡೆಯ ಮೀನುಗಾರರು ಕೇಳುವ ಪ್ರಶ್ನೆ, ಇದಕ್ಕೆ ಆಸ್ಪತ್ರೆಯ ಗೋಡೆಯ ಮೇಲಿನ ಪೋಸ್ಟರಿನಲ್ಲಿ ಉತ್ತರವಿಲ್ಲ. ರಾತ್ರಿ ಬಲೆ ಬಿಟ್ಟು ಎಳೆಯುವ ತನಕ ಕಾಯಬೇಕು, ನಿದ್ದೆ ಬರಬಾರದು, ಗಾಳಿ ತಣ್ಣಗೆ ಹೊಡೆಯುತ್ತಿರುತ್ತದೆ. ಒಬ್ಬ ಹಚ್ಚಿದರೆ ಪ್ಯಾಕ್ ಎಲ್ಲರ ಕೈ ದಾಟುತ್ತದೆ. ಅಲ್ಲಿ ಬೇಡ ಎನ್ನುವುದು ಸಂಗಡಿಗರನ್ನೇ ಬೇಡ ಎಂದಂತೆ ಕೇಳಿಸುತ್ತದೆ. ಆದ್ದರಿಂದ ದೋಣಿ ನಡೆಸುವ ತಾಂಡೇಲನಿಗೆ, ಜೊತೆಯವರಿಗೆ ದಡದಲ್ಲಿದ್ದಾಗಲೇ ಹೇಳಿಬಿಡಿ: ಕೈ ಒಡೆದು ಬಲೆ ಎಳೆಯಲು ಆಗುತ್ತಿಲ್ಲ, ಡಾಕ್ಟರು ನಿಲ್ಲಿಸಲು ಹೇಳಿದ್ದಾರೆ, ನನಗೆ ಕೊಡಬೇಡಿ. ಒಡೆದ ಅಂಗೈ ತೋರಿಸಿದರೆ ಮತ್ತೆ ವಾದ ಬೇಕಿಲ್ಲ, ಬಲೆ ಎಳೆಯುವ ಕೈಯ ಬೆಲೆ ಅವರಿಗೆಲ್ಲ ಗೊತ್ತು. ಕಾಯುವ ಹೊತ್ತಿಗೆ ಗಮ್, ಫ್ಲಾಸ್ಕಿನಲ್ಲಿ ಕಷಾಯ ಒಯ್ಯಿರಿ. ಒಂದು ರಾತ್ರಿ ತಪ್ಪಿ ಸೇದಿದರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ, ಮರುದಿನದಿಂದ ಮತ್ತೆ ಹಿಡಿಯಿರಿ. ಬಿಟ್ಟು ನಿಂತವರಲ್ಲಿ ಹೆಚ್ಚಿನವರು ಒಂದೇ ಯತ್ನದಲ್ಲಿ ಬಿಟ್ಟವರಲ್ಲ.

## ಚಿಕಿತ್ಸೆಯಲ್ಲಿರುವವರಿಗೆ

ಮಳೆಗಾಲದಲ್ಲಿ ನನಗೆ ಯಾವಾಗಲೂ ಹೆಚ್ಚು. ಅದು ಹವೆಯಿಂದಲಾ, ಸೇದೋದ್ರಿಂದಲಾ?

ಎರಡೂ ಸೇರಿರಬಹುದು. ಬಿಸಿಲಿನ ಅತಿನೇರಳೆ ಕಿರಣ ಸೋರಿಯಾಸಿಸ್ ಅನ್ನು ಶಮನ ಮಾಡುತ್ತದೆ, ಆಸ್ಪತ್ರೆಯ ಯುವಿಬಿ ದೀಪದ ಚಿಕಿತ್ಸೆ ನಿಂತಿರುವುದೇ ಅದರ ಮೇಲೆ. ನಮ್ಮಲ್ಲಿ ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಸಿಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಕೈಯಲ್ಲಿ ದುಡ್ಡಿಲ್ಲದ ಚಿಂತೆ, ಮಾಡಲು ಕೆಲಸವಿಲ್ಲದೆ ಬೀಡಿಯ ಲೆಕ್ಕ ಏರುತ್ತದೆ. ಘಟ್ಟದ ಮೇಲೂ ಕೊಳೆ ಮದ್ದು ಹೊಡೆಯುವ ಆತಂಕದಲ್ಲಿ ಹೀಗೇ. ಮೋಡ ಸರಿಸಲು ಯಾರಿಂದಲೂ ಆಗದು. ಜೂನ್ ಬರುವ ಮುಂಚೆ, ಮೇ ತಿಂಗಳಲ್ಲೇ ಒಮ್ಮೆ ತೋರಿಸಿಕೊಂಡು ಹೋಗಿ, ಬಿಡುವ ಯತ್ನವನ್ನೂ ಆಗಲೇ ಶುರುಮಾಡಿ.

ಸೋರಿಯಾಸಿಸ್‌ಗೆ ಮೆಥೊಟ್ರೆಕ್ಸೇಟ್ ಮಾತ್ರೆ ತಗೊಳ್ತಾ ಇದ್ದೇನೆ. ಸೇದಿದ್ರೆ ಮದ್ದು ನಾಟೋದಿಲ್ವಾ?

ನಾಟುವುದು ಕಡಿಮೆಯಾಗಬಹುದು. ಟಿಎನ್‌ಎಫ್ ತಡೆಯುವ ಇಂಜೆಕ್ಷನ್‌ಗಳಿಗೆ ಸೇದುವವರ ಸ್ಪಂದನೆ ಸೇದದವರಿಗಿಂತ ಕಡಿಮೆ ಎಂದು ಕಂಡುಬಂದಿದೆ. ಮೆಥೊಟ್ರೆಕ್ಸೇಟ್ ಅಪರೂಪಕ್ಕೆ ಶ್ವಾಸಕೋಶಕ್ಕೆ ತೊಂದರೆ ಕೊಡುತ್ತದೆ. ಸೇದುವವರಿಗೆ ಕೆಮ್ಮು ಇದ್ದೇ ಇರುವುದರಿಂದ ಅದರ ಮೊದಲ ಸೂಚನೆ ತಪ್ಪಿಹೋಗುತ್ತದೆ. ಹೊಸದಾಗಿ ಒಣಕೆಮ್ಮು, ಏದುಸಿರು ಶುರುವಾದರೆ ಬೀಡಿಯ ಕೆಮ್ಮು ಎಂದು ಸುಮ್ಮನಿರದೆ ತಕ್ಷಣ ಬನ್ನಿ. ಮದ್ಯವನ್ನು ಈ ಮಾತ್ರೆಯ ಜೊತೆ ಪೂರ್ತಿ ಬಿಡಬೇಕು, ಯಕೃತ್ತು ಎರಡನ್ನೂ ತಾಳಲಾರದು.

ಪ್ರಶ್ನೆಗೆ ಹೊರತಾದರೂ ಹೇಳಲೇಬೇಕು: ಸೋರಿಯಾಸಿಸ್‌ಗೆ ಮೆಥೊಟ್ರೆಕ್ಸೇಟ್ ಕೊಡುವುದು ವಾರಕ್ಕೊಮ್ಮೆ, ದಿನಾ ಅಲ್ಲ. ದಿನಾ ನುಂಗಿ ಪ್ರಾಣಕ್ಕೆ ಅಪಾಯ ತಂದುಕೊಂಡವರಿದ್ದಾರೆ. ವಾರದ ಯಾವ ದಿನ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಯಾರೋ ಕೊಟ್ಟ ಪುಡಿಯಿಂದ ಪೂರಾ ಹೋಗಿತ್ತು, ಸೇದ್ತಾ ಇದ್ರೂ ಹೋಗಿತ್ತು. ಈಗ ನಿಲ್ಲಿಸಿದ ಕೂಡ್ಲೇ ಮೈಯೆಲ್ಲ ಕೆಂಪಾಗಿದೆ. ಯಾಕೆ?

ಹೆಸರಿಲ್ಲದ ಪೊಟ್ಟಣದ ಪುಡಿ ಅಷ್ಟು ಬೇಗ ಕೆಲಸ ಮಾಡಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಅನುಮಾನ ನನಗೆ ಮೊದಲು ಬರುತ್ತದೆ. ನುಂಗುವ ಸ್ಟೀರಾಯ್ಡ್ ಹಠಾತ್ತನೆ ನಿಲ್ಲಿಸಿದರೆ ಸೋರಿಯಾಸಿಸ್ ಮೊದಲಿಗಿಂತ ಭೀಕರವಾಗಿ ಮರಳುತ್ತದೆ. ಮೈಯೆಲ್ಲ ಕೆಂಪಾಗಿ ಸಿಪ್ಪೆ ಏಳುವುದು, ಚಳಿ-ಜ್ವರ, ಮೈತುಂಬ ಕೀವಿನ ಗುಳ್ಳೆ ಬಂದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಿ. ಪೊಟ್ಟಣ ಉಳಿದಿದ್ದರೆ ಎಸೆಯದೆ ತೆಗೆದುಕೊಂಡು ಹೋಗಿ.

ಸೇದೋ ವಿಷಯ ಡಾಕ್ಟರ ಹತ್ರ ಹೇಳದಿದ್ರೆ ಎಂತ ಆಗ್ತದೆ?

ಎರಡು ತಿಂಗಳಾದರೂ ಗುಣವಿಲ್ಲ ಎಂದು ಮದ್ದಿನ ಪ್ರಮಾಣ ಏರಿಸುತ್ತೇವೆ, ಆಮೇಲೆ ಇನ್ನೂ ಬಲವಾದ, ಇನ್ನೂ ದುಬಾರಿ ಮದ್ದಿಗೆ ಹೋಗುತ್ತೇವೆ, ಅದರ ಅಡ್ಡಪರಿಣಾಮ ನೀವು ಅನುಭವಿಸುತ್ತೀರಿ. ಮದ್ದು ಸೋತದ್ದಕ್ಕೆ ಬೇರೆ ಕಾರಣವಿತ್ತೆಂಬುದು ಚೀಟಿಯಲ್ಲಿ ಎಲ್ಲೂ ಇರುವುದಿಲ್ಲ. ಬೈಯುತ್ತಾರೆಂಬ ಹೆದರಿಕೆಯಿಂದ ಮುಚ್ಚಿಡುತ್ತೀರಿ, ಬೈಯುವ ವೈದ್ಯರದ್ದೂ ಅದರಲ್ಲಿ ಪಾಲಿದೆ. ಮುಂದಿನ ಭೇಟಿಗೆ ಒಂದು ಕಾಗದದಲ್ಲಿ ಬರೆದು ತನ್ನಿ: ಯಾವ ವಯಸ್ಸಿನಲ್ಲಿ ಶುರು, ದಿನಕ್ಕೆ ಎಷ್ಟು, ಬೀಡಿಯೋ ಸಿಗರೇಟೋ, ಎದ್ದ ಅರ್ಧ ಗಂಟೆಯೊಳಗೆ ಮೊದಲನೆಯದು ಬೇಕೇ ಬೇಕಾ, ಹಿಂದೆ ಯಾವಾಗ ಬಿಟ್ಟಿದ್ದಿರಿ, ಮತ್ತೆ ಹಚ್ಚಿದ್ದು ಯಾಕೆ. ಬಾಯಲ್ಲಿ ಹೇಳಲು ಮುಜುಗರವಾದರೆ ಆ ಕಾಗದವನ್ನು ಹಳೆ ಚೀಟಿಗಳ ಮೇಲೆ ಇಟ್ಟು ಕೊಡಿ, ನಾವು ಓದಿಕೊಳ್ಳುತ್ತೇವೆ.